ಅಂಗಡಿ ಮುಚ್ಚುತ್ತಿದೆ, ಗ್ರಾಫಿಕ್ಸ್ ಕಾರ್ಡಿನ ವಾರಂಟಿಗೆ ಇನ್ನು ಯಾರು ಹೊಣೆ?

ಪ್ರಶ್ನೆ: ಕಂಪ್ಯೂಟರ್ ಬಿಡಿಭಾಗಗಳನ್ನಷ್ಟೇ ಮಾರುವ ಒಂದು ಆನ್‌ಲೈನ್ ಅಂಗಡಿಯಿಂದ ನಾನು ಹಲವು ವರ್ಷಗಳಿಂದ ಖರೀದಿಸುತ್ತ ಬಂದಿದ್ದೇನೆ. ಈ ತಿಂಗಳ ಕೊನೆಗೆ ವ್ಯಾಪಾರ ನಿಲ್ಲಿಸುವುದಾಗಿ ಅವರಿಂದ ಇಮೇಲ್ ಬಂದಿದೆ. ಕಳೆದ ವರ್ಷ ಅಲ್ಲಿ ಕೊಂಡ ಗ್ರಾಫಿಕ್ಸ್ ಕಾರ್ಡಿಗೆ ಮೂರು ವರ್ಷಗಳ ವಾರಂಟಿ ಇದೆ. ಕೆಟ್ಟುಹೋದ ಪವರ್ ಸಪ್ಲೈ ಒಂದನ್ನು ದುರಸ್ತಿಗೆಂದು ಕಳಿಸಿದ್ದು ಇನ್ನೂ ಅವರ ಬಳಿಯೇ ಇದೆ. ಖಾತೆಯಲ್ಲಿ ಸ್ವಲ್ಪ ಸ್ಟೋರ್ ಕ್ರೆಡಿಟ್ (ಆ ಅಂಗಡಿಯಲ್ಲೇ ಖರ್ಚು ಮಾಡಬೇಕಾದ ಹಣ) ಕೂಡ ಉಳಿದಿದೆ. ಈಗ ನಾನೇನು ಮಾಡಬೇಕು? ಮುಕ್ತಾಯದ ಮಾರಾಟದಲ್ಲಿ ಪ್ರೊಸೆಸರ್ ಮತ್ತು ವಾಟರ್ ಕೂಲಿಂಗ್ (ನೀರು ಹರಿಸಿ ತಂಪುಮಾಡುವ) ಸಾಮಾನು ಕೊಳ್ಳಬಹುದೇ? ಬಿಡಿಭಾಗಗಳಿಗೆ ಇಷ್ಟೊಂದು ಬೇಡಿಕೆ ಇರುವಾಗ ಇಂಥ ಅಂಗಡಿ ಮುಚ್ಚುವುದಾದರೂ ಏಕೆ?

ಉತ್ತರ: ನೀವು ಕೇಳಿದ ಕ್ರಮವನ್ನು ಬಿಟ್ಟು, ಯಾವುದಕ್ಕೆ ಗಡುವು ಹತ್ತಿರವಿದೆಯೋ ಅದಕ್ಕೆ ಮೊದಲು ಎಂಬ ಕ್ರಮದಲ್ಲಿ ಉತ್ತರಿಸುತ್ತೇನೆ. ಅದಕ್ಕೂ ಮುನ್ನ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅಂಗಡಿಯ ಮೂಲಕ ನಿಮಗೆ ದೊರೆತಿರುವ ಭರವಸೆಗಳಲ್ಲಿ ಎರಡು ಬಗೆ ಇವೆ. ಸ್ಟೋರ್ ಕ್ರೆಡಿಟ್, ಅಂಗಡಿಯೇ ಮಾರಿದ ಹೆಚ್ಚುವರಿ ವಾರಂಟಿ, ಇಷ್ಟು ದಿನಗಳೊಳಗೆ ಮಾಲನ್ನು ವಾಪಸು ಪಡೆಯುತ್ತೇವೆಂಬ ಮಾತು, ಮುಂಗಡ ಹಣ ಪಡೆದು ಇನ್ನೂ ಕಳಿಸದಿರುವ ಆರ್ಡರು, ಇವೆಲ್ಲ ಅಂಗಡಿಯ ಸ್ವಂತ ಭರವಸೆಗಳು. ತಯಾರಕರ ವಾರಂಟಿ, ಕಾರ್ಡ್ ಕೊಟ್ಟ ಬ್ಯಾಂಕಿನ ರಕ್ಷಣೆ, ಕೊರಿಯರ್ ಸಂಸ್ಥೆಯ ಹೊಣೆ, ಇವು ಬೇರೆಯವರ ಭರವಸೆಗಳು. ಅಂಗಡಿ ಅವನ್ನು ನಿಮ್ಮವರೆಗೆ ತಲುಪಿಸಿದೆ ಅಷ್ಟೆ. ಮೊದಲ ಬಗೆಯವು ಅಂಗಡಿಯೊಂದಿಗೇ ಮುಗಿಯುತ್ತವೆ. ಎರಡನೆಯ ಬಗೆಯವು ಉಳಿಯುತ್ತವೆ, ಆದರೆ ಅವನ್ನು ಸಾಬೀತುಪಡಿಸುವ ದಾಖಲೆಗಳು ಬಹುಪಾಲು ಅಂಗಡಿಯ ಸರ್ವರಿನಲ್ಲೇ ಇರುತ್ತವೆ. ಆದ್ದರಿಂದ ಈ ತಿಂಗಳು ನಿಮಗಿರುವ ಕೆಲಸವೆಂದರೆ ಮೊದಲ ಬಗೆಯದನ್ನು ಆದಷ್ಟು ಬೇಗ ಮಾಲಾಗಿಯೋ ಹಣವಾಗಿಯೋ ಬದಲಾಯಿಸಿಕೊಳ್ಳುವುದು, ಎರಡನೆಯದರ ದಾಖಲೆಗಳನ್ನು ನಿಮ್ಮ ಕೈಗೆ ತಂದುಕೊಳ್ಳುವುದು.

ಎಷ್ಟು ಬೇಗ ಎಂಬುದು ಅಂಗಡಿ ಯಾವ ರೀತಿಯಲ್ಲಿ ಮುಚ್ಚುತ್ತಿದೆ ಎಂಬುದನ್ನು ಅವಲಂಬಿಸಿದೆ. ಸಾಲವನ್ನೆಲ್ಲ ತೀರಿಸಿ, ದಿನ ಗೊತ್ತುಮಾಡಿ, ಹೇಳಿಯೇ ಮುಚ್ಚುವವರಿದ್ದಾರೆ. ಆಯ್ದ ಪ್ರೊಸೆಸರ್‌ಗಳನ್ನು ಮಾರುತ್ತಿದ್ದ ಅಮೆರಿಕದ ಸಿಲಿಕಾನ್ ಲಾಟರಿ ಎಂಬ ಆನ್‌ಲೈನ್ ಅಂಗಡಿ 2021ರ ಅಕ್ಟೋಬರ್ 31ಕ್ಕೆ ಮುಚ್ಚುವುದಾಗಿ ಮೊದಲೇ ತಿಳಿಸಿ, ಈಗಾಗಲೇ ಕೊಟ್ಟಿರುವ ವಾರಂಟಿಗಳನ್ನು ಪಾಲಿಸುವುದಾಗಿ ಹೇಳಿತ್ತು. ಇದಕ್ಕೆ ತೀರಾ ವಿರುದ್ಧವಾದದ್ದು ಅಮೆರಿಕದ ಮಳಿಗೆಗಳ ಸರಣಿಯಾಗಿದ್ದ ಫ್ರೈಸ್ ಎಲೆಕ್ಟ್ರಾನಿಕ್ಸ್ ಪ್ರಸಂಗ. 1985ರಲ್ಲಿ ಆರಂಭವಾಗಿದ್ದ ಆ ಸಂಸ್ಥೆ 2021ರ ಫೆಬ್ರವರಿ 24ರಂದು ತನ್ನ ಎಲ್ಲ ಮಳಿಗೆಗಳನ್ನೂ ವೆಬ್‌ಸೈಟಿನ ಮಾರಾಟವನ್ನೂ ರಾತ್ರೋರಾತ್ರಿ ನಿಲ್ಲಿಸಿತು; ದುರಸ್ತಿಗೆ ಕೊಟ್ಟ ಸಾಮಾನು ಅಲ್ಲೇ ಉಳಿದಿದ್ದವರು ಇಮೇಲ್ ಮೂಲಕ ಸಂಪರ್ಕಿಸಿ ಅದನ್ನು ಬಿಡಿಸಿಕೊಳ್ಳಬೇಕಾಯಿತು. ಇವೆರಡರ ನಡುವೆ ಇನ್ನೊಂದು ಸ್ಥಿತಿ ಇದೆ. ಜರ್ಮನಿಯ ಮೈಂಡ್‌ಫ್ಯಾಕ್ಟರಿ ಎಂಬ ಬಿಡಿಭಾಗಗಳ ಅಂಗಡಿ 2025ರಲ್ಲಿ ದಿವಾಳಿ ಪ್ರಕ್ರಿಯೆಗೆ ಅರ್ಜಿ ಹಾಕಿಯೂ ವ್ಯಾಪಾರ ಮುಂದುವರಿಸಿತು. ವಾಟರ್ ಕೂಲಿಂಗ್ ಪ್ರಿಯರ ನಡುವೆ ಹೆಸರಾಗಿದ್ದ ಫ್ರೋಜನ್‌ಸಿಪಿಯು 2015ರಲ್ಲಿ ಹಠಾತ್ತನೆ ಸ್ತಬ್ಧವಾಗಿ, ಮತ್ತೆ ಬೇರೆಯವರ ಒಡೆತನದಲ್ಲಿ ತೆರೆದುಕೊಂಡಿತು. ಹೆಸರು ಅದೇ ಇದ್ದರೂ ಒಡೆಯರು ಬೇರೆಯಾದಾಗ ಹಳೆಯವರ ಬಾಕಿಗಳನ್ನು ಹೊಸಬರು ಹೊರುತ್ತಾರೆಂದು ಎಣಿಸಲಾಗದು. ಆಸ್ತಿಯನ್ನು ಮಾತ್ರ ಕೊಂಡು ಹೊಣೆಯನ್ನು ಬಿಟ್ಟುಬರುವ ವ್ಯವಹಾರವೇ ಹೆಚ್ಚು.

ನಿಮಗೆ ಬಂದ ಇಮೇಲ್‌ನಲ್ಲಿ ಆಡಳಿತಾಧಿಕಾರಿ, ಲಿಕ್ವಿಡೇಟರ್ (ಮುಚ್ಚುವ ಸಂಸ್ಥೆಯ ಆಸ್ತಿ ಮಾರಿ ಹಂಚುವವರು), ನ್ಯಾಯಾಲಯ ಮುಂತಾದ ಮಾತುಗಳು ಇವೆಯೇ ಎಂದು ಇನ್ನೊಮ್ಮೆ ನೋಡಿ. ಇಲ್ಲದಿದ್ದರೆ ಇದು ಸದ್ಯಕ್ಕೆ ಸ್ವಇಚ್ಛೆಯ ಮುಚ್ಚುವಿಕೆ. ಹಾಗೆಂದು ತಿಂಗಳ ಕೊನೆಯವರೆಗೆ ಕಾಯಬೇಡಿ. ಮುಚ್ಚುವ ಸುದ್ದಿ ಹೊರಬಿದ್ದ ಕೂಡಲೇ ವಿತರಕರು ಸಾಲದ ಮೇಲೆ ಮಾಲು ಕೊಡುವುದನ್ನು ನಿಲ್ಲಿಸುತ್ತಾರೆ, ಕಾರ್ಡ್ ಪಾವತಿ ನಿರ್ವಹಿಸುವ ಸಂಸ್ಥೆಗಳು ಮುಂದೆ ಬರಬಹುದಾದ ಮರುಪಾವತಿಗಳ ಭಯದಿಂದ ಅಂಗಡಿಗೆ ಸಲ್ಲಬೇಕಾದ ಹಣವನ್ನು ತಡೆಹಿಡಿಯಬಹುದು, ಸಿಬ್ಬಂದಿ ಬೇರೆ ಕೆಲಸ ಹುಡುಕಿಕೊಂಡು ಹೊರಡುತ್ತಾರೆ. ಸದುದ್ದೇಶದಿಂದ ಘೋಷಿಸಿದ ಶಾಂತ ಮುಕ್ತಾಯವೂ ಈ ಕಾರಣಗಳಿಂದ ಎರಡೇ ವಾರಗಳಲ್ಲಿ ದಿವಾಳಿಯಾಗಿ ಮಾರ್ಪಡುವುದುಂಟು.

ಮೊದಲು ಪವರ್ ಸಪ್ಲೈ ವಿಚಾರ. ದುರಸ್ತಿಗೆ ಕಳಿಸಿದ ವಸ್ತುವಿನ ಒಡೆತನ ನಿಮ್ಮದೇ. ಅಂಗಡಿ ಅದನ್ನು ನಿಮ್ಮ ಪರವಾಗಿ ಇಟ್ಟುಕೊಂಡಿದೆ, ಅಷ್ಟೆ. ದಿವಾಳಿಯಾದರೂ ಅದು ಸಾಲ ಕೊಟ್ಟವರಿಗೆ ಹಂಚಬೇಕಾದ ಆಸ್ತಿಯಾಗುವುದಿಲ್ಲ. ತೊಡಕಿರುವುದು ತತ್ತ್ವದಲ್ಲಲ್ಲ, ಗುರುತಿಸುವುದರಲ್ಲಿ. ಗೋದಾಮಿಗೆ ಬೀಗ ಬಿದ್ದ ಮೇಲೆ ಒಳಗೆ ಬರುವ ಅಧಿಕಾರಿಗೆ ಕಾಣುವುದು ಒಂದೇ ಬಣ್ಣದ ರಟ್ಟಿನ ಪೆಟ್ಟಿಗೆಗಳ ರಾಶಿ. ಅದರಲ್ಲಿ ಯಾವುದು ಅಂಗಡಿಯದು, ಯಾವುದು ವಿತರಕರದು, ಯಾವುದು ಗ್ರಾಹಕರದು ಎಂಬುದನ್ನು ಹೇಳುವುದು ಸೀರಿಯಲ್ ನಂಬರ್ ಮಾತ್ರ. ಆದ್ದರಿಂದ ಸೀರಿಯಲ್ ನಂಬರ್, ಅಂಗಡಿ ಕೊಟ್ಟ ಆರ್‌ಎಂಎ ಸಂಖ್ಯೆ (ವಾಪಸು ಕಳಿಸಿದ ವಸ್ತುವನ್ನು ಗುರುತಿಸುವ ಸಂಖ್ಯೆ), ಕೊರಿಯರ್ ರಸೀದಿ, ಪೆಟ್ಟಿಗೆ ತಲುಪಿದ್ದಕ್ಕೆ ಸಿಕ್ಕ ದಾಖಲೆ, ಇವನ್ನೆಲ್ಲ ಒಂದೇ ಇಮೇಲ್‌ನಲ್ಲಿ ಬರೆದು, ದುರಸ್ತಿ ಆಗಿರಲಿ ಬಿಡಲಿ ವಸ್ತುವನ್ನು ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸಬೇಕೆಂದು ಇಂದೇ ಕೇಳಿ. ಸೀರಿಯಲ್ ನಂಬರ್ ಬರೆದಿಟ್ಟುಕೊಂಡಿಲ್ಲವಾದರೆ ಹಳೆಯ ಪೆಟ್ಟಿಗೆಯ ಅಂಚಿನ ಚೀಟಿಯಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಕೆಲವು ಅಂಗಡಿಗಳು ಬಿಲ್ಲಿನಲ್ಲೂ ಮುದ್ರಿಸುತ್ತವೆ.

ಅಂಗಡಿಯವರು ಅದನ್ನು ಆಗಲೇ ವಿತರಕರಿಗೋ ತಯಾರಕರ ಸೇವಾಕೇಂದ್ರಕ್ಕೋ ಕಳಿಸಿರುವ ಸಂಭವವೂ ಇದೆ. ಹಾಗಿದ್ದಲ್ಲಿ ಅಲ್ಲಿನ ಆರ್‌ಎಂಎ ಸಂಖ್ಯೆಯನ್ನು ಕೇಳಿ ಪಡೆದು, ನೇರವಾಗಿ ಅವರಿಗೇ ಬರೆದು, ಬದಲಿ ಪೆಟ್ಟಿಗೆ ಬರಬೇಕಾದ ವಿಳಾಸವನ್ನು ನಿಮ್ಮದಕ್ಕೆ ಬದಲಿಸಲು ಕೋರಬೇಕು. ಇಲ್ಲದಿದ್ದರೆ ತಯಾರಕರು ತಮ್ಮ ಕರ್ತವ್ಯವನ್ನು ಸರಿಯಾಗಿಯೇ ನೆರವೇರಿಸಿ, ಹೊಸ ಪವರ್ ಸಪ್ಲೈಯನ್ನು ಬೀಗ ಹಾಕಿದ ಗೋದಾಮಿಗೆ ಕಳಿಸಿಬಿಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂಥ ಸಮಯದಲ್ಲಿ ಅಂಗಡಿಯವರು, ಬಹುಮಟ್ಟಿಗೆ ಒಳ್ಳೆಯ ಮನಸ್ಸಿನಿಂದಲೇ, ನಿಮ್ಮ ಪವರ್ ಸಪ್ಲೈ ಬದಲು ಅದರ ಮೌಲ್ಯವನ್ನು ಸ್ಟೋರ್ ಕ್ರೆಡಿಟ್ ಆಗಿ ಖಾತೆಗೆ ಹಾಕುತ್ತೇವೆ ಎನ್ನಬಹುದು. ಅದೇ ಗಳಿಗೆಯಲ್ಲಿ ಖರ್ಚು ಮಾಡಲು ಸಾಧ್ಯವಿಲ್ಲದಿದ್ದರೆ ಒಪ್ಪಬೇಡಿ. ಪವರ್ ಸಪ್ಲೈ ನಿಮ್ಮ ಸ್ವತ್ತು. ಕ್ರೆಡಿಟ್ ಎಂದರೆ ಅಂಗಡಿ ನಿಮಗೆ ಕೊಡಬೇಕಾದ ಸಾಲ. ಒಪ್ಪಿದ ಕ್ಷಣದಲ್ಲೇ ನೀವು ಒಡೆಯರ ಸ್ಥಾನದಿಂದ ಇಳಿದು, ಸಾಲ ಕೊಟ್ಟವರ ಸರದಿಯ ಕೊನೆಯಲ್ಲಿ ನಿಲ್ಲುತ್ತೀರಿ.

ಆ ಸರದಿಯ ಬಗ್ಗೆಯೂ ಹೇಳಬೇಕು. ಸಂಸ್ಥೆಯೊಂದು ದಿವಾಳಿಯಾದಾಗ ಉಳಿದ ಹಣವನ್ನು ಹಂಚುವ ಕ್ರಮ ದೇಶದಿಂದ ದೇಶಕ್ಕೆ ವಿವರಗಳಲ್ಲಿ ಬೇರೆಯಾದರೂ ಸ್ಥೂಲವಾಗಿ ಹೀಗಿರುತ್ತದೆ: ಅಡಮಾನ ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕುಗಳು, ಪ್ರಕ್ರಿಯೆಯ ಖರ್ಚು, ನೌಕರರ ಬಾಕಿ ಸಂಬಳ, ತೆರಿಗೆ, ಇವೆಲ್ಲ ಮುಂದೆ; ಅಡಮಾನವಿಲ್ಲದೆ ಸಾಲ ಕೊಟ್ಟವರು ಹಿಂದೆ. ಸ್ಟೋರ್ ಕ್ರೆಡಿಟ್, ಗಿಫ್ಟ್ ಕಾರ್ಡ್ ಮತ್ತು ಮುಂಗಡ ಪಾವತಿ ಇರುವವರು ಸಾಮಾನ್ಯವಾಗಿ ಈ ಹಿಂದಿನ ಗುಂಪಿಗೆ ಸೇರುತ್ತಾರೆ. ಅವರಿಗೆ ಸಿಗುವುದು ಮೂಲ ಮೊತ್ತದ ಸಣ್ಣ ಪಾಲು, ಅದೂ ವರ್ಷಗಳ ನಂತರ. ಎಷ್ಟೋ ವೇಳೆ ಏನೂ ಇಲ್ಲ. ಬಿಡಿಭಾಗಗಳ ವ್ಯಾಪಾರದಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಪೂರ್ತಿ ಹಣ ಸಂದಾಯವಾಗುವವರೆಗೆ ಮಾಲಿನ ಒಡೆತನ ತಮ್ಮದೇ ಎಂದು ವಿತರಕರು ಹಲವೆಡೆ ಕರಾರಿನಲ್ಲಿ ಬರೆಸಿಕೊಂಡಿರುತ್ತಾರೆ. ಗೋದಾಮು ತುಂಬಿರುವಂತೆ ಕಂಡರೂ ಅದರಲ್ಲಿ ಅಂಗಡಿಯ ಸ್ವಂತದ್ದು ಅಷ್ಟೇನೂ ಇರುವುದಿಲ್ಲ.

ಆದ್ದರಿಂದ ಸ್ಟೋರ್ ಕ್ರೆಡಿಟ್ಟನ್ನು ಈ ವಾರವೇ ಖರ್ಚು ಮಾಡಿ. ಸ್ಟಾಕ್‌ನಲ್ಲಿ ಇದೆ ಎಂದು ಖಚಿತವಾಗಿ ತೋರಿಸುತ್ತಿರುವ, ಮೊಹರು ಒಡೆಯದ, ತಯಾರಕರ ನೇರ ವಾರಂಟಿ ಇರುವ ಏನನ್ನಾದರೂ ತರಿಸಿಕೊಳ್ಳಿ. ಆ ವಸ್ತು ತೀರಾ ಬೇಕಾದದ್ದೇ ಆಗಿರಬೇಕೆಂದಿಲ್ಲ. ಎಸ್‌ಎಸ್‌ಡಿ ಅಥವಾ ಮೆಮೊರಿಯಂಥ ವಸ್ತು ನಾಳೆ ನಿಮಗೆ ಬೇಡವಾದರೂ ಬೇರೊಬ್ಬರಿಗೆ ಬೇಕಾಗುತ್ತದೆ. ಮುಂಗಡ ಬುಕಿಂಗ್ ಏನಾದರೂ ಇದ್ದರೆ ರದ್ದುಮಾಡಿ. ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡಿನಲ್ಲಿ ಹಣ ಕೊಟ್ಟು ಮಾಲು ಬಾರದೆ ಹೋದ ಪಕ್ಷದಲ್ಲಿ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್ (ಕೊಟ್ಟ ಹಣವನ್ನು ಹಿಂದಕ್ಕೆ ಪಡೆಯುವುದು) ಕೋರುವ ದಾರಿ ಇದೆ. ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 120 ದಿನಗಳ ಅವಕಾಶವಿದ್ದು, ಬಾರದ ಮಾಲಿನ ವಿಷಯದಲ್ಲಿ ಅದು ಮಾಲು ತಲುಪಬೇಕಾಗಿದ್ದ ದಿನದಿಂದ ಎಣಿಕೆಯಾಗುತ್ತದೆ. ಬ್ಯಾಂಕುಗಳು ತಮ್ಮದೇ ಆದ ಬಿಗಿ ಗಡುವನ್ನು ಇಟ್ಟಿರಬಹುದು, ಆದ್ದರಿಂದ ಎಣಿಸುತ್ತ ಕೂರುವುದು ಬೇಡ. ನೇರ ಬ್ಯಾಂಕ್ ವರ್ಗಾವಣೆಗೆ ಈ ರಕ್ಷಣೆ ಇಲ್ಲ. ಮುಚ್ಚುತ್ತಿರುವ ಅಂಗಡಿ ವರ್ಗಾವಣೆಯ ಮೂಲಕ ಕೊಟ್ಟರೆ ರಿಯಾಯಿತಿ ಎಂದರೆ ಅದನ್ನು ಒಪ್ಪಲೇಬಾರದು.

ಈಗ ಗ್ರಾಫಿಕ್ಸ್ ಕಾರ್ಡಿನ ಮಾತು. ಮೂರು ವರ್ಷಗಳ ವಾರಂಟಿ ಯಾರದು ಎಂಬುದು ಬಿಲ್ಲಿನಲ್ಲಿ ಅಥವಾ ಪೆಟ್ಟಿಗೆಯೊಳಗಿನ ಕಾಗದದಲ್ಲಿ ಬರೆದಿರುತ್ತದೆ. ತಯಾರಕರ ಹೆಸರಿನಲ್ಲಿದ್ದರೆ ಅಂಗಡಿ ಮುಚ್ಚಿದರೂ ಅದು ಉಳಿಯುತ್ತದೆ. ಆದರೆ ತಯಾರಕರೆಲ್ಲರ ಪದ್ಧತಿ ಒಂದೇ ಅಲ್ಲ. ಕೆಲವರು ಗ್ರಾಹಕರಿಂದ ನೇರವಾಗಿ ವಸ್ತುವನ್ನು ಸ್ವೀಕರಿಸುತ್ತಾರೆ. ಕೆಲವರು ಕೆಲವು ಪ್ರದೇಶಗಳಲ್ಲಿ ಮಾರಿದವರ ಮೂಲಕವೇ ಬರಬೇಕೆನ್ನುತ್ತಾರೆ. ಎರಡನೆಯ ಗುಂಪಿನವರಾದರೆ ಈಗಲೇ ಬರೆದು, ಮಾರಿದ ಅಂಗಡಿ ಇಲ್ಲವಾದಾಗ ಯಾರನ್ನು ಸಂಪರ್ಕಿಸಬೇಕೆಂಬುದಕ್ಕೆ ಲಿಖಿತ ಉತ್ತರ ಪಡೆದಿಟ್ಟುಕೊಳ್ಳಿ. ಕೆಲವರು ಬಿಲ್ ಇಲ್ಲದಿದ್ದರೆ ಸೀರಿಯಲ್ ನಂಬರಿನಿಂದ ತಿಳಿಯುವ ತಯಾರಿಕೆಯ ತಿಂಗಳಿನಿಂದಲೇ ವಾರಂಟಿಯನ್ನು ಎಣಿಸುತ್ತಾರೆ. ಕಾರ್ಡು ಕಾರ್ಖಾನೆಯಿಂದ ಹೊರಟು ವಿತರಕರ, ಅಂಗಡಿಯ ಕಪಾಟುಗಳಲ್ಲಿ ಕಳೆದ ಕಾಲವೆಲ್ಲ ಆಗ ನಿಮ್ಮ ಲೆಕ್ಕದಿಂದ ಹೋಗುತ್ತದೆ. ಖಾತೆಯ ಪುಟದಲ್ಲಿ ಒಂದು ಕ್ಲಿಕ್ಕಿಗೆ ಸಿಗುವ ಬಿಲ್ಲಿನ ಪಿಡಿಎಫ್ ಇಷ್ಟು ಬೆಲೆಯುಳ್ಳದ್ದು. ನಿಮ್ಮ ಎಲ್ಲ ಹಳೆಯ ಆರ್ಡರುಗಳ ಬಿಲ್ಲುಗಳನ್ನೂ ಇಳಿಸಿಕೊಳ್ಳಿ, ಪವರ್ ಸಪ್ಲೈಗಳದ್ದನ್ನು ವಿಶೇಷವಾಗಿ: ಒಳ್ಳೆಯ ದರ್ಜೆಯ ಪವರ್ ಸಪ್ಲೈಗಳಿಗೆ 10 ವರ್ಷಗಳ ವಾರಂಟಿ ಈಗ ಅಪರೂಪವಲ್ಲ, 12 ವರ್ಷಗಳದ್ದೂ ಉಂಟು. ಇಂದಿನ ಅಂಗಡಿಗಳಲ್ಲಿ ಅಷ್ಟು ಕಾಲ ಬಾಳುವವು ಎಷ್ಟಿವೆಯೋ!

ತಯಾರಕರ ವಾರಂಟಿ ಇದೆ ಎಂದುಕೊಂಡಲ್ಲಿ ಅದು ಇಲ್ಲದಿರುವ ಎರಡು ಸಂದರ್ಭಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಒಂದು, ಟ್ರೇ ಪ್ರೊಸೆಸರ್. ಬಣ್ಣದ ಪೆಟ್ಟಿಗೆಯಲ್ಲಿ ಬರುವ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಿಗೆ ಸಾಮಾನ್ಯವಾಗಿ ತಯಾರಕರೇ ಮೂರು ವರ್ಷಗಳ ವಾರಂಟಿ ಕೊಡುತ್ತಾರೆ. ಕಂಪ್ಯೂಟರ್ ಜೋಡಿಸುವ ಸಂಸ್ಥೆಗಳಿಗಾಗಿ ಟ್ರೇಗಳಲ್ಲಿ ಸಗಟಾಗಿ ಹೋಗುವ ಅದೇ ಪ್ರೊಸೆಸರಿಗೆ ವಾರಂಟಿಯ ಹೊಣೆ ಮಾರಿದವರದು. ಇನ್ನೊಂದು, ಸಗಟು ಗ್ರಾಹಕರಿಗಾಗಿ ತಯಾರಾದ ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿಗಳು. ತಯಾರಕರ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿದರೆ ಇವಕ್ಕೆ ನೇರ ವಾರಂಟಿ ಇಲ್ಲವೆಂಬ ಉತ್ತರ ಬರುತ್ತದೆ. ಈ ಪರೀಕ್ಷೆಗೆ ಹೆಚ್ಚೆಂದರೆ ಕೆಲವು ನಿಮಿಷ ಸಾಕು. ನಿಮ್ಮಲ್ಲಿರುವ ಪ್ರತಿಯೊಂದು ಡಿಸ್ಕಿಗೂ ಇಂದೇ ಮಾಡಿಬಿಡಿ. ಇನ್ನು ಕಾನೂನೇ ಮಾರಾಟಗಾರರ ಮೇಲೆ ಹೊರಿಸುವ ಹೊಣೆ ಬೇರೆ. ಉದಾಹರಣೆಗೆ ಐರೋಪ್ಯ ಒಕ್ಕೂಟದಲ್ಲಿ ಹೊಸ ವಸ್ತುವಿನ ದೋಷಕ್ಕೆ ಮಾರಿದವರು ಕನಿಷ್ಠ ಎರಡು ವರ್ಷ ಹೊಣೆಗಾರರು. ಗ್ರಾಹಕರಿಗೆ ಇದು ತಯಾರಕರ ವಾರಂಟಿಗಿಂತ ಗಟ್ಟಿಯಾದ ಹಕ್ಕಾದರೂ, ಮಾರಿದವರೇ ಇಲ್ಲವಾದಾಗ ಅದನ್ನು ಚಲಾಯಿಸಲು ಎದುರಿಗೆ ಯಾರೂ ಇರುವುದಿಲ್ಲ.

ತಯಾರಕರೇ ಹಿಂದೆ ಸರಿದರೆ ಏನು ಗತಿ ಎಂದು ನೀವು ಕೇಳಬಹುದು. ಗ್ರಾಫಿಕ್ಸ್ ಕಾರ್ಡುಗಳಿಗೆ ಹೆಸರಾದ ಇವಿಜಿಎ 2022ರ ಸೆಪ್ಟೆಂಬರಿನಲ್ಲಿ ಆ ಕ್ಷೇತ್ರದಿಂದ ಹೊರನಡೆಯುವುದಾಗಿ ಹೇಳಿದಾಗ ಹಳೆಯ ಕಾರ್ಡುಗಳ ವಾರಂಟಿಯನ್ನು ಪಾಲಿಸುವುದಾಗಿಯೂ ಹೇಳಿತು. ಮೆಮೊರಿ ತಯಾರಿಸುವ ಮೈಕ್ರಾನ್ ಸಂಸ್ಥೆ 2025ರ ಡಿಸೆಂಬರಿನಲ್ಲಿ ಕ್ರೂಷಿಯಲ್ ಹೆಸರಿನ ಗ್ರಾಹಕ ಮಾರಾಟವನ್ನು ನಿಲ್ಲಿಸುವುದಾಗಿ ಪ್ರಕಟಿಸಿದಾಗಲೂ ಇದೇ ಮಾತು ಬಂತು. ಇಬ್ಬರೂ ಒಂದು ವಿಭಾಗವನ್ನು ಮುಚ್ಚಿದವರೇ ಹೊರತು ತಾವೇ ಮುಳುಗಿದವರಲ್ಲ. ಅದಕ್ಕಾಗಿಯೇ ಆ ಮಾತಿಗೆ ತೂಕವಿತ್ತು. ನಿಮ್ಮ ಅಂಗಡಿಯವರು ಸಂಸ್ಥೆಯನ್ನೇ ವಿಸರ್ಜಿಸುತ್ತಿದ್ದು, ಜೊತೆಗೆ ವಾರಂಟಿಗಳನ್ನು ಪಾಲಿಸುತ್ತೇವೆ ಎಂದೂ ಬರೆದಿದ್ದರೆ, ಯಾವ ಸಂಸ್ಥೆಯ ಹೆಸರಿನಲ್ಲಿ, ಯಾವ ವಿಳಾಸದಿಂದ ಎಂದು ಕೇಳುವುದು ಒರಟುತನವೇನಲ್ಲ.

ಇಷ್ಟು ಬೇಡಿಕೆ ಇರುವಾಗ ಮುಚ್ಚುವುದೇಕೆ ಎಂಬ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬೇಡಿಕೆ ಬೇರೆ, ಅದರಿಂದ ಅಂಗಡಿಗೆ ಉಳಿಯುವುದು ಬೇರೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಮೆಮೊರಿ ಇವು ಎಲ್ಲಿ ಕೊಂಡರೂ ಒಂದೇ ಆದ ವಸ್ತುಗಳು. ಬೆಲೆ ಹೋಲಿಸುವ ತಾಣಗಳಲ್ಲಿ ಗ್ರಾಹಕರು ಅತಿ ಕಡಿಮೆ ಬೆಲೆ ತೋರಿಸುವ ಅಂಗಡಿಯನ್ನೇ ಆರಿಸುತ್ತಾರೆ, ಆದ್ದರಿಂದ ಇವುಗಳ ಮೇಲಿನ ಲಾಭಾಂಶ ತೀರಾ ತೆಳು. ಕಾರ್ಡ್ ಪಾವತಿಯ ಶುಲ್ಕ, ಸಾಗಣೆ, ಪ್ಯಾಕಿಂಗ್ ಕಳೆದರೆ ಉಳಿಯುವುದನ್ನು ಒಂದು ವಾಪಸು ಬಂದ ಪೆಟ್ಟಿಗೆ ನುಂಗಿಬಿಡಬಲ್ಲದು. ಪರಿಣತ ಗ್ರಾಹಕರೇ ಇಲ್ಲಿ ಹೆಚ್ಚು ದುಬಾರಿ ಎಂಬುದು ಈ ವ್ಯಾಪಾರದ ವಿಚಿತ್ರ. ಮೂರು ಜೋಡಿ ಮೆಮೊರಿ ತರಿಸಿ, ಅತ್ಯಂತ ಹೆಚ್ಚಿನ ವೇಗದಲ್ಲಿ ಓಡುವ ಒಂದನ್ನು ಇಟ್ಟುಕೊಂಡು ಎರಡನ್ನು ಹಿಂದಿರುಗಿಸುವವರು, ಸಾಕೆಟ್ಟಿನ ಪಿನ್ನನ್ನು ತಾವೇ ಬಗ್ಗಿಸಿ ಬರುವಾಗಲೇ ಹೀಗಿತ್ತು ಎನ್ನುವವರು, ಇವರೆಲ್ಲರ ಲೆಕ್ಕ ಅಂಗಡಿಯ ಖಾತೆಗೇ ಬೀಳುತ್ತದೆ. ತೆರೆದ ಪೆಟ್ಟಿಗೆಯನ್ನು ಮತ್ತೆ ಹೊಸದೆಂದು ಮಾರಲಾಗುವುದಿಲ್ಲ.

ಹಾಗಾದರೆ ವಿಶೇಷ ಅಂಗಡಿಗಳು ಇಷ್ಟು ಕಾಲ ಬದುಕಿದ್ದು ಹೇಗೆ? ಸಣ್ಣ ಸಾಮಾನುಗಳಿಂದ. ವಾಟರ್ ಕೂಲಿಂಗ್ ಕೊಳವೆಗಳ ಫಿಟ್ಟಿಂಗ್, ಸೋರಿಕೆ ತಡೆಯುವ ಓ-ರಿಂಗ್, ಶಾಖ ಸಾಗಿಸುವ ಥರ್ಮಲ್ ಪ್ಯಾಡ್, ಬೇಕಾದ ಉದ್ದದ ಕೇಬಲ್, ಬೇರೆಲ್ಲೂ ಸಿಗದ ಸ್ಕ್ರೂ, ಇವುಗಳ ಲಾಭಾಂಶ ದೊಡ್ಡದು. ಇವನ್ನು ಹುಡುಕಿಕೊಂಡು ಬಂದವರು ಜೊತೆಗೆ ಪ್ರೊಸೆಸರನ್ನೂ ಕೊಳ್ಳಲಿ ಎಂಬುದು ಹಳೆಯ ಲೆಕ್ಕಾಚಾರ. ಸಾವಿರಾರು ಬಗೆಯ ಇಂಥ ಸಾಮಾನುಗಳನ್ನು ಗೋದಾಮಿನಲ್ಲಿ ಇಟ್ಟುಕೊಳ್ಳುವುದು, ಪ್ರತಿಯೊಂದರ ಅಳತೆ ತೆಗೆದು, ಯಾವುದು ಯಾವುದಕ್ಕೆ ಹೊಂದುತ್ತದೆಂದು ಬರೆದಿಡುವುದು ಕೂಲಿ ಬೇಡುವ ಕೆಲಸ. ದೊಡ್ಡ ಮಾರುಕಟ್ಟೆ ತಾಣಗಳಲ್ಲಿ ಅದೇ ಫಿಟ್ಟಿಂಗನ್ನು ತಯಾರಕರೇ ನೇರವಾಗಿ ಮಾರತೊಡಗಿದ ಮೇಲೆ, ಜನ ಅಳತೆ ತಿಳಿದುಕೊಳ್ಳಲು ವಿಶೇಷ ಅಂಗಡಿಗೆ ಬಂದು, ಕೊಳ್ಳಲು ಇನ್ನೊಂದು ಕಡೆ ಹೋಗುವಂತಾಯಿತು. ಉಚಿತ ಗ್ರಂಥಾಲಯ ನಡೆಸಲು ಯಾವ ವ್ಯಾಪಾರಿಗೂ ಹೆಚ್ಚು ಕಾಲ ಆಗುವುದಿಲ್ಲ.

ಇದರ ಮೇಲೆ ಬೆಲೆಗಳ ಏರಿಳಿತವಿದೆ. ಬಿಡಿಭಾಗಗಳು ಕಪಾಟಿನಲ್ಲಿದ್ದಂತೆಯೇ ಬೆಲೆ ಕಳೆದುಕೊಳ್ಳುತ್ತವೆ. ಬೆಲೆ ಇಳಿದಾಗ ವ್ಯತ್ಯಾಸವನ್ನು ತುಂಬಿಕೊಡುವ ಕರಾರನ್ನು ತಯಾರಕರಿಂದ ಪಡೆಯಲು ದೊಡ್ಡ ಮಾರಾಟಗಾರರಿಗೆ ಶಕ್ತಿ ಇರುತ್ತದೆ, ಸಣ್ಣವರಿಗೆ ಇರುವುದಿಲ್ಲ. ಕ್ರಿಪ್ಟೋ ಗಣಿಗಾರಿಕೆಯ (ಕಂಪ್ಯೂಟರಿನಿಂದ ಲೆಕ್ಕ ಮಾಡಿಸಿ ಡಿಜಿಟಲ್ ಹಣ ಗಳಿಸುವುದು) ಅಬ್ಬರದಲ್ಲಿ ಗ್ರಾಫಿಕ್ಸ್ ಕಾರ್ಡುಗಳನ್ನು ದುಬಾರಿಗೆ ಕೊಂಡಿಟ್ಟವರಿಗೆ 2022ರಲ್ಲಿ ಬೆಲೆ ಕುಸಿದಾಗ ಇದು ಅರಿವಾಯಿತು. ಆ ವರ್ಷದ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೋ ಹಣದ ಜಾಲ ಗಣಿಗಾರಿಕೆ ಬೇಡದ ಪದ್ಧತಿಗೆ ಬದಲಾದಾಗ ಗ್ರಾಫಿಕ್ಸ್ ಕಾರ್ಡುಗಳಿಗೆ ಇದ್ದ ದೊಡ್ಡ ಗಣಿಗಾರಿಕೆ ಒಂದೇ ದಿನದಲ್ಲಿ ನಿಂತಿತು. 2025ರ ಕೊನೆಯಲ್ಲಿ ಆದದ್ದು ಇದರ ತಿರುಗುಮುರುಗು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿಯನ್ನು ಸೆಳೆದುಕೊಂಡು, ಗ್ರಾಹಕರ ಮೆಮೊರಿ ದುಬಾರಿಯೂ ದುರ್ಲಭವೂ ಆಯಿತು. ಇಳಿದರೆ ಇದ್ದ ಸ್ಟಾಕಿನಲ್ಲಿ ನಷ್ಟ, ಏರಿದರೆ ಸ್ಟಾಕ್ ತುಂಬಲು ಬಂಡವಾಳವಿಲ್ಲ. ನೀವು ಹೇಳುವ ಬೇಡಿಕೆ ನಿಜವೇ, ಆದರೆ ಅದರ ಬಹುಪಾಲು ನಿಮ್ಮ ನನ್ನಂಥ ಬಿಡಿ ಗ್ರಾಹಕರದಲ್ಲ.

ಕೊನೆಯ ಏಟು ಮಾತ್ರ ಬಹಳಷ್ಟು ಸಲ ಗ್ರಾಹಕರಿಗೆ ಕಾಣದ ಕಡೆಯಿಂದ ಬರುತ್ತದೆ. ವಿತರಕರು ಅಂಗಡಿಗಳಿಗೆ ಸಾಮಾನ್ಯವಾಗಿ ಸಾಲದ ಮೇಲೆ ಮಾಲು ಕೊಡುತ್ತಾರೆ. ಆ ಸಾಲ ಮುಳುಗದಂತೆ ವಿಮೆ ಮಾಡಿಸಿರುತ್ತಾರೆ. ವಿಮಾ ಸಂಸ್ಥೆ ಒಂದು ಅಂಗಡಿಯ ಮೇಲಿನ ರಕ್ಷಣೆಯನ್ನು ಹಿಂದೆಗೆದುಕೊಂಡರೆ ವಿತರಕರು ಮುಂಗಡ ಹಣ ಕೇಳುತ್ತಾರೆ, ನಿನ್ನೆಯವರೆಗೆ ನಡೆಯುತ್ತಿದ್ದ ವ್ಯಾಪಾರಕ್ಕೆ ಇಂದು ಕೈಯಲ್ಲಿರುವ ನಗದು ಸಾಕಾಗುವುದಿಲ್ಲ. ಬ್ರಿಟನ್ನಿನ ಎಲೆಕ್ಟ್ರಾನಿಕ್ಸ್ ಮಳಿಗೆಗಳ ಸರಣಿ ಮ್ಯಾಪ್ಲಿನ್ 2018ರ ಫೆಬ್ರವರಿಯಲ್ಲಿ ಆಡಳಿತಾಧಿಕಾರಿಗಳ ಕೈಗೆ ಹೋದಾಗ, ಪೌಂಡಿನ ಅಪಮೌಲ್ಯ ಮತ್ತು ಕುಗ್ಗಿದ ಮಾರುಕಟ್ಟೆಯ ಜೊತೆಗೆ ಈ ವಿಮೆಯ ಹಿಂತೆಗೆತವನ್ನೂ ಕಾರಣವಾಗಿ ಹೇಳಿತ್ತು. ಅಂಗಡಿಯಲ್ಲಿ ಜನಪ್ರಿಯ ಮಾಲುಗಳೇ ಒಂದೊಂದಾಗಿ ಮುಗಿಯುತ್ತ ಮತ್ತೆ ಬಾರದಿರುವುದನ್ನು ಹೊರಗಿನವರು ಗಮನಿಸಬಹುದಾದ ಲಕ್ಷಣವೆಂದು ನಾನು ಎಣಿಸುತ್ತೇನೆ.

ಇನ್ನು ಕೆಲವು ಅಂಗಡಿಗಳು ನಷ್ಟಕ್ಕಿಂತ ಹೆಚ್ಚಾಗಿ ಕಸುಬೇ ತೀರಿಹೋದುದರಿಂದ ಮುಚ್ಚುತ್ತವೆ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು 300 ಮೆಗಾಹರ್ಟ್ಸ್‌ನಿಂದ 450ಕ್ಕೆ ಏರಿಸುವುದು ಹವ್ಯಾಸಿಗಳಿಗೆ ಸುಲಭವಾಗಿತ್ತು. ಬಸ್ ವೇಗವನ್ನು (ಪ್ರೊಸೆಸರಿನ ವೇಗಕ್ಕೆ ಆಧಾರವಾದ ಮೂಲ ಗತಿ) 66ರಿಂದ 100ಕ್ಕೆ ಬದಲಿಸಿದರೆ ಮುಗಿಯಿತು. ತಯಾರಕರು ಉಳಿಸಿಟ್ಟಿದ್ದ ಈ ಅಂತರವೇ ಓವರ್‌ಕ್ಲಾಕಿಂಗ್ (ನಿಗದಿತ ವೇಗ ಮೀರಿ ಓಡಿಸುವುದು) ಸಾಮಾನಿನ ಅಂಗಡಿಗಳೆಲ್ಲದರ ಅನ್ನದಾತ. ಸಿಲಿಕಾನ್ ಲಾಟರಿ ಮಾಡುತ್ತಿದ್ದುದು ಒಂದೇ ಮಾದರಿಯ ಹಲವು ಪ್ರೊಸೆಸರ್‌ಗಳನ್ನು ಪರೀಕ್ಷಿಸಿ, ಹೆಚ್ಚು ವೇಗ ತಾಳಬಲ್ಲವನ್ನು ಆರಿಸಿ, ಆ ವೇಗದ ಹೆಸರಿನಲ್ಲೇ ಹೆಚ್ಚಿನ ಬೆಲೆಗೆ ಮಾರುವುದು. ಯಾವ ಮಾದರಿಯಲ್ಲಿ ಶೇಕಡಾ ಎಷ್ಟು ಪ್ರೊಸೆಸರ್‌ಗಳು ಯಾವ ವೇಗವನ್ನು ಮುಟ್ಟಿದವು ಎಂಬ ಅಂಕಿಗಳನ್ನೂ ಅದು ಪ್ರಕಟಿಸುತ್ತಿತ್ತು. ಆದರೆ ಇಂಟೆಲ್ ಪ್ರೊಸೆಸರುಗಳ 2008ರ ನೆಹಾಲೆಮ್ ಪೀಳಿಗೆಯಲ್ಲಿ ಟರ್ಬೊ ಬೂಸ್ಟ್ ಬಂದಂದಿನಿಂದ ಪ್ರೊಸೆಸರ್ ತಾನೇ ತನ್ನ ವೇಗವನ್ನು ಏರಿಸಿಕೊಳ್ಳುವುದನ್ನು ಕಲಿಯುತ್ತ ಬಂತು, ಮಿತಿಯ ಹತ್ತಿರ ಹತ್ತಿರ ಸರಿಯಿತು. ಇಂಟೆಲ್ 2019ರಲ್ಲಿ ಕೋರ್ ಐ9-9900ಕೆಎಸ್ ಹೆಸರಿನಲ್ಲಿ ಕಾರ್ಖಾನೆಯಲ್ಲೇ ಆರಿಸಿದ, ಎಲ್ಲ ಕೋರ್‌ಗಳೂ 5 ಗಿಗಾಹರ್ಟ್ಸ್ ಓಡುವ ಪ್ರೊಸೆಸರನ್ನು ತಾನೇ ಮಾರಿತು. ಆರಿಸಲು ಉಳಿದ ಅಂತರ ಕಿರಿದಾದದ್ದನ್ನೇ ಸಿಲಿಕಾನ್ ಲಾಟರಿ ಮುಚ್ಚುವಾಗ ಕಾರಣವೆಂದು ಹೇಳಿತು. ಅವರು ತಪ್ಪು ಮಾಡಿದರೆಂದು ನನಗೆ ಅನಿಸುವುದಿಲ್ಲ. ಅವರ ಕೆಲಸವನ್ನು ಕಾರ್ಖಾನೆ ಒಳಕ್ಕೆ ಎಳೆದುಕೊಂಡಿತು.

ಈಗ ಮುಕ್ತಾಯದ ಮಾರಾಟ. ಪ್ರೊಸೆಸರನ್ನು ಕೊಳ್ಳುವುದಾದರೆ ಮೊಹರು ಇರುವ ಪೆಟ್ಟಿಗೆಯದನ್ನೇ ಕೊಳ್ಳಿ; ಟ್ರೇ, ತೆರೆದ ಪೆಟ್ಟಿಗೆ, ಮುಚ್ಚಳ ಬಿಚ್ಚಿ ಮಾರ್ಪಡಿಸಿದ್ದು, ಇವು ಎಷ್ಟೇ ಅಗ್ಗವಾದರೂ ಈಗ ಬೇಡ. ಹಿಂದಿರುಗಿ ಬಂದ ಮದರ್‌ಬೋರ್ಡುಗಳಿಗೂ ಇದೇ ಮಾತು, ಸಾಕೆಟ್ಟಿನ ಪಿನ್ ಬಗ್ಗಿದ್ದರೆ ದೂರಲು ಯಾರೂ ಇರುವುದಿಲ್ಲ. ಒಂದೇ ಘಟಕವಾಗಿ ಮುಚ್ಚಿ ಬರುವ ಲಿಕ್ವಿಡ್ ಕೂಲರುಗಳಲ್ಲಿ ತಯಾರಿಕೆಯ ದಿನವನ್ನು ವಿಚಾರಿಸಿ: ರಬ್ಬರ್ ಕೊಳವೆಯ ಮೂಲಕ ದ್ರವ ಅತಿ ನಿಧಾನವಾಗಿ ಹೊರಗೆ ಆವಿಯಾಗುತ್ತಲೇ ಇರುತ್ತದೆ, ಬಳಸದೆ ಇಟ್ಟರೂ ಸಹ. ಬಿಡಿಯಾಗಿ ಜೋಡಿಸುವ ವಾಟರ್ ಕೂಲಿಂಗ್ ಸಾಮಾನು ಇದಕ್ಕೆ ಹೊರತು. ಹಿತ್ತಾಳೆಯ ಫಿಟ್ಟಿಂಗ್, ತಾಮ್ರದ ರೇಡಿಯೇಟರ್ ಕಪಾಟಿನಲ್ಲಿದ್ದು ಹಾಳಾಗುವಂಥವಲ್ಲ, ವಾರಂಟಿಯ ಅವಲಂಬನೆಯೂ ಕಡಿಮೆ. ಮುಕ್ತಾಯದ ಮಾರಾಟದಲ್ಲಿ ನಿಜವಾಗಿಯೂ ಕೊಳ್ಳತಕ್ಕದ್ದು ಇವೇ. ಫಿಟ್ಟಿಂಗಿನ ಒಂದು ತುದಿಯ ಜಿ 1/4 ಅಳತೆಯ ತಿರುಪಿನ ಎಳೆಗಳು ಬಹುತೇಕ ಎಲ್ಲ ತಯಾರಕರಲ್ಲೂ ಹೊಂದುತ್ತವೆ, ಆದರೆ ಕೊಳವೆಯ ಹೊರ ಮತ್ತು ಒಳ ವ್ಯಾಸಗಳು ಹೊಂದಬೇಕಾದದ್ದು ಫಿಟ್ಟಿಂಗಿನ ಇನ್ನೊಂದು ತುದಿಗೆ. ನಿಮ್ಮಲ್ಲಿ ಈಗಾಗಲೇ ಇರುವ ಕೊಳವೆಯ ಅಳತೆಯದನ್ನೇ ಆರಿಸಿ. ತಯಾರಿಕೆ ನಿಂತ ಬ್ಲಾಕ್ (ಪ್ರೊಸೆಸರಿನಂಥ ಭಾಗದ ಮೇಲೆ ಕೂರಿಸುವ, ಒಳಗೆ ನೀರು ಹರಿಯುವ ತುಂಡು) ಏನಾದರೂ ನಿಮ್ಮಲ್ಲಿದ್ದರೆ ಅದರ ಗ್ಯಾಸ್ಕೆಟ್ ಮತ್ತು ಓ-ರಿಂಗ್‌ಗಳನ್ನು ಒಂದೆರಡು ಜೊತೆ ಹೆಚ್ಚಾಗಿಯೇ ತರಿಸಿಟ್ಟುಕೊಳ್ಳುವುದು ಲೇಸು. ಆ ಸಾಮಾನುಗಳ ಅಳತೆ, ಚಿತ್ರ, ಹೊಂದಾಣಿಕೆಯ ಪಟ್ಟಿ ಇರುವ ಪುಟಗಳನ್ನೂ ಇಳಿಸಿಕೊಳ್ಳಿ. ರೇಡಿಯೇಟರಿನ ನಿಜವಾದ ದಪ್ಪ ಎಷ್ಟೆಂಬ ಮಾಹಿತಿ ಎಷ್ಟೋ ವೇಳೆ ತಯಾರಕರ ಪುಟದಲ್ಲೂ ಇರದೆ ಇಂಥ ಅಂಗಡಿಯವರ ಪುಟದಲ್ಲಿ ಮಾತ್ರ ಇರುತ್ತದೆ.

ಕಡೆಯದಾಗಿ ನೀವು ಕೇಳದಿದ್ದರೂ ಹೇಳಬೇಕಾದದ್ದು ನಿಮ್ಮ ಖಾತೆಯ ವಿಷಯ. ಕೆನಡಾದ ಎನ್‌ಸಿಐಎಕ್ಸ್ ಎಂಬ ಬಿಡಿಭಾಗಗಳ ಅಂಗಡಿ 2017ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಮರುವರ್ಷ ಅದರ ಹಳೆಯ ಸರ್ವರುಗಳು ಗ್ರಾಹಕರ ಹೆಸರು, ವಿಳಾಸ, ಪಾವತಿಯ ವಿವರಗಳ ಸಮೇತ, ಅಳಿಸದೆಯೇ, ಜಾಹೀರಾತಿನ ಮೂಲಕ ಮಾರಾಟಕ್ಕೆ ಇದ್ದುದು ಬೆಳಕಿಗೆ ಬಂತು. ಬಿಲ್ಲುಗಳನ್ನೆಲ್ಲ ಇಳಿಸಿಕೊಂಡು, ಪವರ್ ಸಪ್ಲೈ ಕೈಸೇರಿದ ಮೇಲೆ, ಉಳಿಸಿಟ್ಟ ಪಾವತಿ ಕಾರ್ಡಿನ ವಿವರವನ್ನು ಖಾತೆಯಿಂದ ತೆಗೆದು, ಖಾತೆಯನ್ನೂ ಅಳಿಸಲು ಲಿಖಿತವಾಗಿ ಕೋರಿ. ಅದೇ ಪಾಸ್‌ವರ್ಡನ್ನು ಬೇರೆಲ್ಲಾದರೂ ಬಳಸಿದ್ದರೆ ಅಲ್ಲಿ ಬದಲಿಸಿ. ಮುಚ್ಚಿದ ಅಂಗಡಿಯ ವೆಬ್ ವಿಳಾಸದ ನೋಂದಣಿ ಮುಗಿದ ನಂತರ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಆದ್ದರಿಂದ ಕೆಲವು ತಿಂಗಳ ನಂತರ ಅದೇ ಹೆಸರಿನಿಂದ ನಿಮ್ಮ ಬಾಕಿ ಕ್ರೆಡಿಟ್ ಹಿಂದಿರುಗಿಸುತ್ತೇವೆ, ಕಾರ್ಡಿನ ವಿವರ ಕೊಡಿ ಎಂಬ ಇಮೇಲ್ ಬಂದರೆ ಉತ್ತರಿಸಬೇಡಿ. ದಿವಾಳಿ ಪ್ರಕ್ರಿಯೆಯೇ ನಡೆದಿದ್ದರೆ ನಿಮ್ಮ ಹಕ್ಕನ್ನು ದಾಖಲಿಸಬೇಕಾದ ವಿಳಾಸ ನ್ಯಾಯಾಲಯ ಅಥವಾ ಲಿಕ್ವಿಡೇಟರ್ ಹೊರಡಿಸಿದ ಪ್ರಕಟಣೆಯಲ್ಲಿ ಇರುತ್ತದೆ, ಅಲ್ಲಿಗೇ ಬರೆಯಿರಿ.